ಕಾಸರಗೋಡಿನ ಡೈವರಿಗೆ ಮೊದಲ ಸ್ಕೂಬಾ ಸಿಲಿಂಡರ್: ಯಾವುದನ್ನು ಆರಿಸಬೇಕು?

ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ತರಬೇತಿ ಮುಗಿಸಿ ಒಂದೆರಡು ಋತು ಡೈವ್ ಮಾಡಿದವರ ಮನೆಯಲ್ಲಿ ಮಾಸ್ಕ್, ಫಿನ್, ವೆಟ್‌ಸೂಟ್, ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಒಂದೊಂದಾಗಿ ಸೇರಿಕೊಳ್ಳುತ್ತವೆ. ಸಿಲಿಂಡರಿನ ಸರದಿ ಬರುವುದು ಕೊನೆಗೆ. ಆಗ ಎಲ್ಲರೂ ಮೊದಲು ಕೇಳುವುದು ಅಲ್ಯೂಮಿನಿಯಂ ಒಳ್ಳೆಯದೋ ಉಕ್ಕಿನದು ಒಳ್ಳೆಯದೋ ಎಂದು. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಮನೆಯಿರುವವರು ಅದಕ್ಕೂ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ: ಅದಕ್ಕೆ ಗಾಳಿ ತುಂಬಿಸಿಕೊಡುವವರು ಯಾರು, ಮತ್ತು ಅದನ್ನು ಅವರು ಕಾನೂನುಬದ್ಧವಾಗಿ ತುಂಬಿಸಬಹುದೇ. ಈ ಎರಡು ಇತ್ಯರ್ಥವಾಗದೆ ಲೋಹ, ಗಾತ್ರ, ವಾಲ್ವುಗಳ ಹೋಲಿಕೆಗೆ ಇಳಿದರೆ ಕೊನೆಗೆ ಮನೆಯ ಮೂಲೆಯಲ್ಲಿ ಖಾಲಿ ನಿಲ್ಲುವ ಒಂದು ಲೋಹದ ಕೊಳವೆಯಷ್ಟೇ ಉಳಿಯುತ್ತದೆ.

ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ

ನಮ್ಮ ಕಡೆಯ ಡೈವರುಗಳಲ್ಲಿ ಹೆಚ್ಚಿನವರು ಹೋಗುವುದು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ. ಕಾಸರಗೋಡಿನಿಂದ ಅದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 200 ಕಿ.ಮೀ. ದಾರಿ. ದಕ್ಷಿಣಕ್ಕೆ ಹೋಗುವವರಿಗೆ ಕೋವಳಂ ಇದೆ, ಸಮುದ್ರ ದಾಟುವವರಿಗೆ ಲಕ್ಷದ್ವೀಪದ ಕವರತ್ತಿ, ಕಡಮತ್, ಬಂಗಾರಂಗಳಿವೆ. ಇಂಥ ಕಡೆಗಳಲ್ಲಿ ಡೈವ್ ಕೇಂದ್ರದವರು ತುಂಬಿದ ಸಿಲಿಂಡರನ್ನು ಡೈವಿನ ಶುಲ್ಕದೊಳಗೇ ಸೇರಿಸಿ ಕೊಡುವುದು ವಾಡಿಕೆ. ಸ್ವಂತದ್ದನ್ನು ಹೊತ್ತುಕೊಂಡು ಹೋದವರಿಗೆ ಆಗುವ ಉಳಿತಾಯ ಅಷ್ಟಕ್ಕಷ್ಟೆ. ತುಂಬಿದ ಸಿಲಿಂಡರನ್ನು ರೈಲಿನಲ್ಲಿಯೂ ವಿಮಾನದಲ್ಲಿಯೂ ಒಯ್ಯುವಂತಿಲ್ಲ. ಖಾಲಿಯಾದುದನ್ನು ವಿಮಾನಕ್ಕೆ ಹಾಕಬೇಕಾದರೆ ಒಳಗೆ ಏನೂ ಇಲ್ಲವೆಂದು ಕಣ್ಣಿಗೆ ಕಾಣುವಂತೆ ವಾಲ್ವ್ ಕಳಚಿಡಬೇಕಾಗುತ್ತದೆ ಮತ್ತು ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕಾಗುತ್ತದೆ. ಆದ್ದರಿಂದ ವರ್ಷಕ್ಕೊಂದೋ ಎರಡೋ ಸಲ ಪ್ರವಾಸಕ್ಕೆ ಹೋಗಿ ಡೈವ್ ಮಾಡುವವರು ಸಿಲಿಂಡರನ್ನು ಕೊಳ್ಳುವ ಅಗತ್ಯವೇ ಇಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಹಣ ಒಳ್ಳೆಯ ರೆಗ್ಯುಲೇಟರಿಗೋ ಡೈವ್ ಕಂಪ್ಯೂಟರಿಗೋ ಹೋಗಲಿ.

ಸ್ವಂತ ಸಿಲಿಂಡರ್ ಬೇಕಾಗುವುದು ಬೇರೆಯವರಿಗೆ: ಉಸಿರಾಟಕ್ಕೆ ಯೋಗ್ಯವಾದ ಗಾಳಿ ತುಂಬಿಸುವ ಕಂಪ್ರೆಸರ್ ಕೈಗೆಟಕುವಲ್ಲಿ ಇರುವವರಿಗೆ, ರಕ್ಷಣಾ ಕಾರ್ಯದ ತಂಡದಲ್ಲಿ ತರಬೇತಿ ಪಡೆದು ಕರೆ ಬಂದಾಗ ಹೊರಡಬೇಕಾದವರಿಗೆ, ಹಿನ್ನೀರಿನಲ್ಲಿ ಪಂಜರದ ಮೀನು ಸಾಕಣೆ ನಡೆಸುತ್ತ ಬಲೆಯನ್ನು ಆಗಾಗ ನೀರಿನಡಿಯಲ್ಲೇ ಪರೀಕ್ಷಿಸಬೇಕಾದವರಿಗೆ. ಮುಂದಿನ ಮಾತೆಲ್ಲ ಅವರನ್ನು ಉದ್ದೇಶಿಸಿದ್ದು.

‘ಉಸಿರಾಟಕ್ಕೆ ಯೋಗ್ಯವಾದ ಗಾಳಿ’ ಎಂದುದಕ್ಕೆ ಕಾರಣವಿದೆ. ಸಿಲಿಂಡರಿನೊಳಗೆ ಇರುವುದು ನಾವು ಉಸಿರಾಡುವ ಗಾಳಿಯೇ, ಅಂದರೆ ಶೇಕಡಾ 21ರಷ್ಟು ಆಮ್ಲಜನಕ ಮತ್ತು ಬಹುಪಾಲು ಸಾರಜನಕ. ಶುದ್ಧ ಆಮ್ಲಜನಕವನ್ನು ಉಸಿರಾಡುತ್ತ 6 ಮೀಟರಿಗಿಂತ ಕೆಳಗಿಳಿದರೆ ಅದೇ ವಿಷವಾಗಿ ಅಪಸ್ಮಾರದಂತೆ ಮೈ ಸೆಳೆತ ಬರುವ ಅಪಾಯವಿದೆ. ಯುರೋಪಿನ ಇಎನ್ 12021 ಮಾನದಂಡದ ಪ್ರಕಾರ ಈ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ 5 ಭಾಗ ಮೀರಬಾರದು, ಎಣ್ಣೆಯ ಅಂಶ ಘನ ಮೀಟರಿಗೆ 0.5 ಮಿಲಿಗ್ರಾಂ ಮೀರಬಾರದು. ಟಯರಿನ ಅಂಗಡಿಯ ಕಂಪ್ರೆಸರಾಗಲಿ ಸ್ಪ್ರೇ ಪೇಂಟಿಂಗಿನ ಕಂಪ್ರೆಸರಾಗಲಿ ಈ ಕೆಲಸಕ್ಕೆ ಬಾರದು. ಅವುಗಳಿಗೆ 200 ಬಾರ್ ಒತ್ತಡವೂ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಬರುವುದಿಲ್ಲ, ಸೋಸುವ ವ್ಯವಸ್ಥೆಯೂ ಇರುವುದಿಲ್ಲ.

ಗಲ್ಫಿನಿಂದ ತರಿಸುವುದೋ, ಇಲ್ಲಿಯೇ ಕೊಳ್ಳುವುದೋ

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ದುಬೈಯಲ್ಲಿರುವ ಭಾವನೋ ಮಸ್ಕತ್ತಿನಲ್ಲಿರುವ ಚಿಕ್ಕಪ್ಪನೋ ಊರಿಗೆ ಬರುವಾಗ ಸಾಮಾನಿನ ಜೊತೆ ಒಂದು ಸಿಲಿಂಡರ್ ಕಳುಹಿಸಿಕೊಡಲು ಸಿದ್ಧರಿರುತ್ತಾರೆ. ಅಲ್ಲಿ ಆಯ್ಕೆಯೂ ಹೆಚ್ಚು. ಮಾಸ್ಕ್, ರೆಗ್ಯುಲೇಟರ್, ಕಂಪ್ಯೂಟರುಗಳನ್ನು ಧಾರಾಳವಾಗಿ ತರಿಸಿಕೊಳ್ಳಿ. ಸಿಲಿಂಡರನ್ನು ಮಾತ್ರ ಬೇಡ.

ಭಾರತದಲ್ಲಿ ಒತ್ತಡದ ಅನಿಲ ತುಂಬುವ ಸಿಲಿಂಡರುಗಳೆಲ್ಲ 2016ರ ಅನಿಲ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅದನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಸಿಲಿಂಡರ್ ಮತ್ತು ಅದರ ವಾಲ್ವ್ ಎರಡೂ ಒಪ್ಪಿತ ಮಾನದಂಡಕ್ಕೆ ತಕ್ಕಂತೆ ತಯಾರಾಗಿ, ಪರೀಕ್ಷೆಯ ಪ್ರಮಾಣಪತ್ರ ಹೊಂದಿ, ಮುಖ್ಯ ಸ್ಫೋಟಕ ನಿಯಂತ್ರಕರ ಅನುಮೋದನೆ ಪಡೆದಿರದಿದ್ದರೆ ಅದಕ್ಕೆ ಅನಿಲ ತುಂಬಿಸುವಂತಿಲ್ಲ, ತುಂಬಿದ್ದನ್ನು ಇಟ್ಟುಕೊಳ್ಳುವಂತೆಯೂ ಸಾಗಿಸುವಂತೆಯೂ ಇಲ್ಲ. ಹೊರದೇಶದಿಂದ ತರಿಸಲು ಆಮದು ಪರವಾನಗಿ ಬೇಕು. ಹೀಗಾಗಿ ಅಲ್ಲಿ ಎಷ್ಟೇ ಹೆಸರುವಾಸಿಯಾದ ಕಂಪನಿಯದ್ದಾದರೂ ಇಲ್ಲಿಗೆ ಬಂದಾಗ ಜವಾಬ್ದಾರಿಯುಳ್ಳ ಯಾವ ಕೇಂದ್ರವೂ ಅದನ್ನು ಮುಟ್ಟುವುದಿಲ್ಲ. ಇಲ್ಲಿಯೇ ಕೊಳ್ಳುವಾಗಲೂ ಮಾರುವವರಿಂದ ರಶೀದಿಯಷ್ಟನ್ನೇ ಪಡೆಯದೆ, ಆ ಸಿಲಿಂಡರಿನ ಕ್ರಮಸಂಖ್ಯೆ ನಮೂದಾಗಿರುವ ಪರೀಕ್ಷಾ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. ಕಾಗದದಲ್ಲಿರುವ ಸಂಖ್ಯೆಯೂ ಸಿಲಿಂಡರಿನ ಹೆಗಲ ಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿರಬೇಕು.

ಅಲ್ಯೂಮಿನಿಯಂ ಮತ್ತು ಉಕ್ಕು

ಡೈವ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ‘ಎಎಲ್ 80’ ಎಂದು ಕರೆಯಲಾಗುವ ಅಲ್ಯೂಮಿನಿಯಂ ಸಿಲಿಂಡರ್. ಅದರೊಳಗೆ ಹಿಡಿಯುವ ನೀರು 11.1 ಲೀಟರ್, ಕೆಲಸದ ಒತ್ತಡ 207 ಬಾರ್, ಖಾಲಿ ತೂಕ 14 ಕಿಲೋಗ್ರಾಂಗಿಂತ ತುಸು ಹೆಚ್ಚು. ಎಂದರೆ ಅಡುಗೆಮನೆಯ ಗ್ಯಾಸ್ ಸಿಲಿಂಡರಿನೊಳಗೆ ತುಂಬಿಸಿ ಕೊಡುವ ಅನಿಲದ ತೂಕದಷ್ಟೇ. ವಾಲ್ವೂ ಗಾಳಿಯೂ ಸೇರಿದಾಗ 17 ಕಿಲೋ ದಾಟುತ್ತದೆ. ಗಾಳಿಗೂ ತೂಕವಿದೆ ಎಂಬುದನ್ನು ಹೊಸಬರು ಮರೆಯುವುದುಂಟು. ಈ ಸಿಲಿಂಡರಿಗೆ ತುಂಬಿದ ಗಾಳಿಯೇ ಸುಮಾರು 2.6 ಕಿಲೋ ತೂಗುತ್ತದೆ, ಡೈವ್ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಗುಳ್ಳೆಗಳಾಗಿ ಹೊರಟುಹೋಗಿರುತ್ತದೆ.

ಎರಡು ಲೋಹಗಳ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಯೇ ಹುಟ್ಟುವುದು. ತುಂಬಿದ ಎಎಲ್ 80 ಸಮುದ್ರದ ನೀರಿನಲ್ಲಿ ಮುಕ್ಕಾಲು ಕಿಲೋದಷ್ಟು ಕೆಳಕ್ಕೆ ಎಳೆಯುತ್ತದೆ. ಪೂರ್ತಿ ಖಾಲಿಯಾದಾಗ ಅದೇ ಸಿಲಿಂಡರ್ ಸುಮಾರು 2 ಕಿಲೋದಷ್ಟು ಮೇಲಕ್ಕೆ ಎತ್ತುತ್ತದೆ. ಡೈವಿನ ಕೊನೆಗೆ 5 ಮೀಟರ್ ಆಳದಲ್ಲಿ ಮೂರು ನಿಮಿಷದ ಸುರಕ್ಷತಾ ನಿಲುಗಡೆ ಮಾಡುವಾಗ ಗೇಜಿನಲ್ಲಿ 50 ಬಾರ್ ಉಳಿದಿದೆ ಎಂದುಕೊಳ್ಳಿ: ಬೆನ್ನಿನ ಮೇಲಿನ ಸಿಲಿಂಡರಿನ ಬುಡ ಮೆಲ್ಲನೆ ಮೇಲೇಳತೊಡಗುತ್ತದೆ, ಸೊಂಟ ತೇಲುತ್ತದೆ, ಸರಿಯಾಗಿ ತೂಕ ಕಟ್ಟಿಕೊಳ್ಳದವರು ಕೈಕಾಲು ಬಡಿಯುತ್ತ ಹಗ್ಗ ಹಿಡಿದುಕೊಳ್ಳುತ್ತಾರೆ. ಇದನ್ನು ಸರಿದೂಗಿಸಲು ಬೆಲ್ಟಿಗೆ ಸುಮಾರು 2 ಕಿಲೋ ಸೀಸವನ್ನು ಮೊದಲೇ ಸೇರಿಸಿಕೊಳ್ಳಬೇಕು. ಉಕ್ಕಿನ 12 ಲೀಟರ್ ಸಿಲಿಂಡರಿನಲ್ಲಿಯೂ ಗಾಳಿಯ ತೂಕ ಇಳಿಯುತ್ತದೆ, ಆದರೆ ಖಾಲಿಯಾದಾಗಲೂ ಅದು ಮಾದರಿಗೆ ತಕ್ಕಂತೆ ತೇಲದೆ ಮುಳುಗದೆ ನಿಲ್ಲುತ್ತದೆ ಅಥವಾ ತುಸು ಮುಳುಗುತ್ತದೆ. ಆದ್ದರಿಂದ ಸೀಸ ಕಡಿಮೆ ಸಾಕು.

ಹೊರದೇಶದ ಮಾರ್ಗದರ್ಶಿಗಳು ಉಕ್ಕನ್ನು ಎತ್ತಿಹಿಡಿಯುವುದು ಈ ಕಾರಣಕ್ಕೆ, ಮತ್ತು ಅವುಗಳ ಮಾತು ಆಯಾ ಸಮುದ್ರಕ್ಕೆ ಸರಿಯೇ. ತಣ್ಣೀರಿನಲ್ಲಿ 7 ಮಿ.ಮೀ. ದಪ್ಪದ ಸೂಟು ಅಥವಾ ಒಳಗೆ ನೀರು ಬಿಡದ ಡ್ರೈಸೂಟು ಧರಿಸುವವರಿಗೆ ಸೂಟಿನ ತೇಲುವಿಕೆಯನ್ನು ತಗ್ಗಿಸಲು ಬೆಲ್ಟಿನಲ್ಲಿ ಸೀಸದ ದೊಡ್ಡ ಹೊರೆಯೇ ಬೇಕು. ಅದರಲ್ಲಿ ಎರಡು ಕಿಲೋ ಉಳಿದರೆ ದೊಡ್ಡ ಲಾಭ. ಅರಬ್ಬೀ ಸಮುದ್ರದ ನಮ್ಮ ತೀರದ ನೀರು ಬೆಚ್ಚಗಿರುತ್ತದೆ, 3 ಮಿ.ಮೀ. ಸೂಟು ಸಾಕಾಗುತ್ತದೆ, ಹಲವರು ಅರ್ಧ ತೋಳಿನ ಸೂಟಿನಲ್ಲಿಯೇ ಇಳಿಯುತ್ತಾರೆ. ಇಲ್ಲಿ ಬೇಕಾಗುವ ಸೀಸವೇ ಕಡಿಮೆಯಾದ್ದರಿಂದ ಉಕ್ಕಿನಿಂದ ಆಗುವ ಲಾಭವೂ ಕಡಿಮೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಣಕಲು ಮೈಯವರು ತೆಳು ಸೂಟಿನ ಮೇಲೆ 15 ಲೀಟರಿನ ಉಕ್ಕಿನ ಸಿಲಿಂಡರ್ ಕಟ್ಟಿಕೊಂಡರೆ, ಸೀಸವೇ ಇಲ್ಲದೆಯೂ ಅಗತ್ಯಕ್ಕಿಂತ ಭಾರವಾಗಿಬಿಡಬಹುದು. ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಜಾಕೆಟ್ಟಾದ ಬಿಸಿಡಿ ಕೈಕೊಟ್ಟಾಗ ಬೆಲ್ಟ್ ಕಳಚಿ ಬೀಳಿಸಿ ಮೇಲೆ ಬರೋಣವೆಂದರೆ ಬೀಳಿಸಲು ಏನೂ ಇರುವುದಿಲ್ಲ, ಸಿಲಿಂಡರನ್ನು ಬೀಳಿಸಲು ಬರುವುದಿಲ್ಲ.

ತುಕ್ಕಿನ ವಿಷಯಕ್ಕೆ ಬಂದರೆ ಕಾಸರಗೋಡಿನ ಹವೆಯೇ ಉಕ್ಕಿನ ವಿರುದ್ಧ ಸಾಕ್ಷಿ ಹೇಳುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಉಪ್ಪಿನ ಗಾಳಿ, ಮಳೆಗಾಲವಿಡೀ ಒಣಗದ ಗೋಡೆ. ಅಲ್ಯೂಮಿನಿಯಮ್ಮಿನ ಮೇಲೆ ಬೆಳೆಯುವ ಆಕ್ಸೈಡಿನ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತದೆ. ಉಕ್ಕಿನ ತುಕ್ಕು ಉದುರುತ್ತ ಉದುರುತ್ತ ಒಳಕ್ಕೆ ಹೋಗುತ್ತದೆ. ಹೊರಗಿನ ತುಕ್ಕು ಕಣ್ಣಿಗೆ ಬೀಳುತ್ತದೆ, ಸತುವಿನ ಲೇಪವಿದ್ದರೆ ಬಹುಕಾಲ ತಡೆಯಬಹುದು. ಒಳಗಿನದೇ ಕಷ್ಟ. ಒಳಗೆ ಸ್ವಲ್ಪ ನೀರು ಸೇರಿದ ಉಕ್ಕಿನ ಸಿಲಿಂಡರನ್ನು ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ತುಕ್ಕು ಹಿಡಿಯುವ ಕ್ರಿಯೆಯೇ ಗಾಳಿಯಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತ ಹೋಗುತ್ತದೆ. ಗೇಜು ತೋರಿಸುವ ಒತ್ತಡ ಹೆಚ್ಚು ಬದಲಾಗುವುದಿಲ್ಲ, ಆದರೆ ಅದನ್ನು ಉಸಿರಾಡಿದವರಿಗೆ ಪ್ರಜ್ಞೆ ತಪ್ಪುತ್ತದೆ. ಸಿಲಿಂಡರನ್ನು ನೀರಿನಡಿಯಲ್ಲಿ ಪೂರ್ತಿ ಬರಿದು ಮಾಡದೆ ಕೆಲವು ಬಾರ್ ಉಳಿಸಬೇಕೆಂದು ಹೇಳುವುದರ ಹಿಂದೆಯೂ ಇದೇ ಕಾರಣವಿದೆ: ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವವರೆಗೆ ಉಪ್ಪುನೀರು ಒಳಗೆ ಹೋಗುವುದಿಲ್ಲ.

ಅಲ್ಯೂಮಿನಿಯಮ್ಮಿಗೂ ಅದರದೇ ದೌರ್ಬಲ್ಯಗಳಿವೆ. ಅದು ಮೆದು ಲೋಹ, ದೋಣಿಯ ಅಂಚಿಗೋ ಬಂಡೆಗೋ ತಾಗಿದರೆ ಗೀರು ಬೀಳುತ್ತದೆ, ಆಳವಾದ ಗೀರು ಬಿದ್ದದ್ದು ತಪಾಸಣೆಯಲ್ಲಿ ತಿರಸ್ಕೃತವಾಗಬಹುದು. ಹಿತ್ತಾಳೆಯ ವಾಲ್ವು ಅಲ್ಯೂಮಿನಿಯಮ್ಮಿನ ಕುತ್ತಿಗೆಯಲ್ಲಿ ಕೂರುವುದರಿಂದ ಉಪ್ಪುನೀರು ನಡುವೆ ಸಿಕ್ಕಿಕೊಂಡಾಗ ತಿರುಪಿನ ಎಳೆಗಳು ಸವೆಯುತ್ತವೆ. ವರ್ಷಕ್ಕೊಮ್ಮೆ ವಾಲ್ವ್ ತೆಗೆಸಿ ನೋಡುವುದು ಇದಕ್ಕಾಗಿಯೇ. ಎಲ್ಲಕ್ಕಿಂತ ಮುಖ್ಯವಾದದ್ದು ಶಾಖ. ಬಣ್ಣ ಹೋದ ಸಿಲಿಂಡರನ್ನು ವಾಹನಗಳಿಗೆ ಪೌಡರ್ ಕೋಟಿಂಗ್ ಮಾಡುವ ಅಂಗಡಿಗೆ ಕೊಟ್ಟು ಒಲೆಯಲ್ಲಿ ಬೇಯಿಸಿ ತರುವ ಯೋಚನೆ ಕೆಲವರಿಗೆ ಬರುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಾಖದ ಉಪಚಾರದಿಂದ ಬಂದ ಆ ಲೋಹದ ಗಟ್ಟಿತನವೇ ಕೆಡುತ್ತದೆ, ಹೊಸ ಬಣ್ಣದ ಕೆಳಗೆ ಅದು ಗೊತ್ತಾಗುವುದೂ ಇಲ್ಲ. ಅಲ್ಯೂಮಿನಿಯಂ ಸಿಲಿಂಡರಿಗೆ ಒಲೆಯಲ್ಲಿ ಬೇಯಿಸುವ ಬಣ್ಣ ಹಾಕಿಸಲೇಬಾರದು.

ಅಲ್ಯೂಮಿನಿಯಂ ಸಿಲಿಂಡರಿನ ಬುಡ ಚಪ್ಪಟೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಉಕ್ಕಿನದಕ್ಕೆ ದುಂಡು ಬುಡ, ರಬ್ಬರಿನ ಬೂಟು ಬೇಕು, ಆ ಬೂಟಿನೊಳಗೆ ಉಪ್ಪುನೀರು ನಿಲ್ಲುತ್ತದೆ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಹೀಗಾಗಿ ಈ ತೀರದ ಮೊದಲ ಸಿಲಿಂಡರ್ ಅಲ್ಯೂಮಿನಿಯಂ ಆಗಿರಲಿ ಎನ್ನುತ್ತೇನೆ. ಉಕ್ಕನ್ನು ನಾನು ಸೂಚಿಸುವುದು ಸೀಸವನ್ನು ಹೊರಲಾಗದ ಬೆನ್ನುನೋವಿನವರಿಗೆ ಮತ್ತು ಮೈಯ ಕೊಬ್ಬಿನಿಂದ ಸಹಜವಾಗಿಯೇ ಹೆಚ್ಚು ತೇಲುವವರಿಗೆ, ಅದೂ ಪ್ರತಿ ಡೈವಿನ ನಂತರ ಸಿಹಿನೀರಿನಲ್ಲಿ ತೊಳೆದು ಬೂಟು ಕಳಚಿ ಒಣಗಿಸುವ ಶಿಸ್ತು ಇದ್ದರೆ ಮಾತ್ರ.

ಗಾತ್ರದ ಲೆಕ್ಕ

ಆತುರವಿಲ್ಲದೆ ಈಜುವ ಡೈವರ್ ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುತ್ತಾನೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಅದು 40 ಲೀಟರ್ ಆಗುತ್ತದೆ, ಓಪನ್ ವಾಟರ್ ಡೈವರಿಗೆ ನಿಗದಿಯಾದ 18 ಮೀಟರ್ ಆಳದಲ್ಲಿ 56 ಲೀಟರ್. ನಮ್ಮ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವ ತುಂಬುವಿಕೆ 200 ಬಾರ್. ಅದರಲ್ಲಿ 50 ಬಾರ್ ಮೀಸಲು ಬಿಟ್ಟರೆ ಬಳಕೆಗೆ 150 ಬಾರ್. 11.1 ಲೀಟರಿನಲ್ಲಿ ಇದು 1,665 ಲೀಟರ್ ಗಾಳಿ, ಅಂದರೆ 10 ಮೀಟರಿನಲ್ಲಿ 41 ನಿಮಿಷ. 12 ಲೀಟರಿನದಕ್ಕೆ 45 ನಿಮಿಷ, 9 ಲೀಟರಿನದಕ್ಕೆ 33 ನಿಮಿಷ, 15 ಲೀಟರಿನದಕ್ಕೆ 56 ನಿಮಿಷ.

ಈ ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಅಂಗಡಿಯ ಮಾತು ಬೇರೆಯಾಗಿ ಕೇಳಿಸುತ್ತದೆ. 232 ಬಾರಿನ 12 ಲೀಟರ್ ಉಕ್ಕಿನ ಸಿಲಿಂಡರಿನಲ್ಲಿ ಹೆಚ್ಚು ಗಾಳಿ ಹಿಡಿಯುತ್ತದೆ ಎಂಬುದು ನಿಜ, ಆದರೆ 200 ಬಾರಿಗೆ ನಿಲ್ಲಿಸುವ ಕಂಪ್ರೆಸರಿನ ಮುಂದೆ ಅದರ ಮೇಲಿನ 32 ಬಾರ್ ಯಾವತ್ತೂ ತುಂಬುವುದಿಲ್ಲ. ಎಎಲ್ 80ಕ್ಕಿಂತ ಅದರಲ್ಲಿ ಹೆಚ್ಚಾಗಿ ಸಿಗುವುದು 180 ಲೀಟರ್. 18 ಮೀಟರಿನಲ್ಲಿ ಅದು ಮೂರು ನಿಮಿಷದ ಉಸಿರು. 300 ಬಾರಿನ ಸಿಲಿಂಡರಿನ ಕಥೆ ಇನ್ನೂ ಹೆಚ್ಚಿನ ನಷ್ಟದ್ದು: ದಪ್ಪ ಗೋಡೆಯ ತೂಕವನ್ನೆಲ್ಲ ಹೊತ್ತು ಮೂರನೆಯ ಒಂದು ಭಾಗವನ್ನು ಖಾಲಿಯಾಗಿ ಒಯ್ಯಬೇಕು.

ಕಡಿಮೆ ಗಾಳಿ ಬಳಸುವವರಿಗೆ, ಗಿಡ್ಡ ಮೈಕಟ್ಟಿನವರಿಗೆ ಮತ್ತು ಸಿಲಿಂಡರಿನ ಬುಡ ಸೊಂಟದ ಕೆಳಗೆ ಬಡಿಯುತ್ತದೆ ಎಂದು ದೂರುವವರಿಗೆ 9 ಲೀಟರಿನ ‘ಎಎಲ್ 63’ ಒಳ್ಳೆಯ ಆಯ್ಕೆ. ಅದರ ತೂಕ ಸುಮಾರು 12 ಕಿಲೋ. ಅಲೆಯಾಡುವ ದೋಣಿಯ ಹಲಗೆಯ ಮೇಲೆ ಎದ್ದು ನಿಲ್ಲುವಾಗ ಆ ಎರಡು ಕಿಲೋದ ವ್ಯತ್ಯಾಸ ಮೊಣಕಾಲಿಗೆ ಗೊತ್ತಾಗುತ್ತದೆ. ಒಟ್ಟಿಗೆ ಇಳಿಯುವ ಜೊತೆಗಾರ ದೊಡ್ಡ ಸಿಲಿಂಡರಿನವನಾಗಿದ್ದರೆ, ಇಬ್ಬರ ಡೈವೂ ಚಿಕ್ಕದರ ಲೆಕ್ಕದಲ್ಲಿಯೇ ಮುಗಿಯಬೇಕೆಂಬುದನ್ನು ಮೊದಲೇ ಮಾತನಾಡಿಕೊಂಡಿರಬೇಕು.

ಆನ್‌ಲೈನಿನಲ್ಲಿ ಅರ್ಧ ಲೀಟರು, ಒಂದು ಲೀಟರಿನ ಮಿನಿ ಸಿಲಿಂಡರುಗಳೂ ಕೈಪಂಪಿನೊಂದಿಗೆ ಸಿಗುತ್ತವೆ. ಬಾವಿಗೆ ಬಿದ್ದ ಪಂಪು ತೆಗೆಯಲು, ಬಂಡೆಯಿಂದ ಕಲ್ಲುಮ್ಮಕಾಯ ಬಿಡಿಸಲು ಇದಾದರೂ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಲೀಟರಿನದು 200 ಬಾರ್ ತುಂಬಿದರೂ 10 ಮೀಟರಿನಲ್ಲಿ ಐದು ನಿಮಿಷ, ಗಾಬರಿಯಾದವರಿಗೆ ಅದರ ಅರ್ಧ. ಒತ್ತಡದ ಗಾಳಿಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿಯಲು ಒಂದೆರಡು ಮೀಟರ್ ಆಳ ಸಾಕು. ತರಬೇತಿಯಿಲ್ಲದವರು ಮೊದಲು ಮಾಡುವುದೇ ಅದನ್ನು. ಬಾವಿಯ ನೀರಿನ ಮೇಲೆ ಆಮ್ಲಜನಕವಿಲ್ಲದ ಕೆಟ್ಟ ಗಾಳಿ ನಿಂತಿರುವ ಅಪಾಯ ಬೇರೆ. ಇದನ್ನು ನಾನು ಆಯ್ಕೆಗಳ ಸಾಲಿನಲ್ಲಿಯೇ ಸೇರಿಸುವುದಿಲ್ಲ.

ವಾಲ್ವ್

ಇಲ್ಲಿ ಹೆಚ್ಚು ಯೋಚಿಸಬೇಕಾದ್ದಿಲ್ಲ. ರೆಗ್ಯುಲೇಟರಿನ ಬಳೆಯಂತಹ ಹಿಡಿಯನ್ನು ವಾಲ್ವಿನ ಸುತ್ತ ಹೊರಗಿನಿಂದ ಸಿಕ್ಕಿಸಿ ಬಿಗಿಯುವುದು ಯೋಕ್, ರೆಗ್ಯುಲೇಟರನ್ನು ವಾಲ್ವಿನೊಳಗೆ ತಿರುಗಿಸಿ ಕೂರಿಸುವುದು ಡಿನ್. ಡಿನ್‌ನಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರವಾದ ಓ-ರಿಂಗ್ ಸುತ್ತಲೂ ಸೆರೆಯಾಗಿರುವುದರಿಂದ ಅದು ಹೊರಕ್ಕೆ ಚಿಮ್ಮುವ ಸಂಭವ ಕಡಿಮೆ. ನಡುವಿನ ತಿರುಪನ್ನು ಅಲೆನ್ ಕೀಯಿಂದ ತೆಗೆದರೆ ಡಿನ್, ಹಾಕಿದರೆ ಯೋಕ್ ಆಗುವ, ಎರಡಕ್ಕೂ ಹೊಂದುವ ವಾಲ್ವನ್ನೇ ಕೇಳಿ ಪಡೆಯಿರಿ. ಯಾವ ಊರಿನಲ್ಲಿ ಯಾರ ರೆಗ್ಯುಲೇಟರ್ ಬಂದರೂ ತೊಂದರೆಯಾಗುವುದಿಲ್ಲ.

ಎಚ್ಚರ ಬೇಕಾಗಿರುವುದು ವಾಲ್ವು ಸಿಲಿಂಡರಿನ ಕುತ್ತಿಗೆಗೆ ಕೂರುವ ಎಳೆಯಲ್ಲಿ. ಯುರೋಪಿನ ಎಂ25 ಎಳೆಯ ವಾಲ್ವು, ಅಮೆರಿಕದ ಮುಕ್ಕಾಲು ಇಂಚಿನ ಎಳೆಯ ಸಿಲಿಂಡರಿನಲ್ಲಿ ಸಡಿಲವಾಗಿಯಾದರೂ ತಿರುಗಿ ಕೂರುತ್ತದೆ, ಕೂತಂತೆಯೇ ಕಾಣುತ್ತದೆ, ಒತ್ತಡ ಏರಿದಾಗ ಗುಂಡಿನಂತೆ ಹಾರಿಹೋಗುತ್ತದೆ. ವಾಲ್ವ್ ಬದಲಿಸುವಾಗ ವಾಲ್ವಿನ ಮೇಲೂ ಸಿಲಿಂಡರಿನ ಮೇಲೂ ಕೊರೆದಿರುವ ಎಳೆಯ ಗುರುತನ್ನು ಓದಿಯೇ ಮುಂದುವರಿಯಬೇಕು.

ಹೊಸದೋ, ಹಳೆಯದೋ

ಡೈವ್ ಕೇಂದ್ರಗಳು ಹಳೆಯದನ್ನು ಮಾರುವಾಗ ಬೆಲೆ ಆಕರ್ಷಕವಾಗಿರುತ್ತದೆ. ಆಗ ಟಾರ್ಚ್ ಹಿಡಿದು ಸಿಲಿಂಡರಿನ ಹೆಗಲನ್ನು ನಿಧಾನವಾಗಿ ಓದಬೇಕು. ಅಮೆರಿಕದ ಮಾನದಂಡದ ಅಲ್ಯೂಮಿನಿಯಂ ಆಗಿದ್ದರೆ ‘3ಎಎಲ್3000’ ಎಂಬ ಗುರುತಿರುತ್ತದೆ; ಕೊನೆಯ ಸಂಖ್ಯೆ ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಲೆಕ್ಕದ ಕೆಲಸದ ಒತ್ತಡ, ಅಂದರೆ 207 ಬಾರ್. ಐಎಸ್ಒ 7866 ಎಂದಿದ್ದರೆ ಅಂತರರಾಷ್ಟ್ರೀಯ ಮಾನದಂಡದ ಅಲ್ಯೂಮಿನಿಯಂ, ಐಎಸ್ಒ 9809 ಅಥವಾ ಭಾರತದ ಐಎಸ್ 7285 ಎಂದಿದ್ದರೆ ಉಕ್ಕು. ಅದರ ಬಳಿಯೇ ತಯಾರಕರ ಮುದ್ರೆ, ಕ್ರಮಸಂಖ್ಯೆ, ತಿಂಗಳು ಮತ್ತು ವರ್ಷ. ಅನಂತರದ ಪ್ರತಿ ಹೈಡ್ರೋ ಪರೀಕ್ಷೆಗೂ ಒಂದೊಂದು ದಿನಾಂಕದ ಅಚ್ಚು ಇರಬೇಕು. ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಬಹಳ ಮೇಲಕ್ಕೆ ಏರಿಸಿ ಲೋಹ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಎಎಲ್ 80ಕ್ಕೆ ಆ ಒತ್ತಡ ಸುಮಾರು 345 ಬಾರ್. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಹೈಡ್ರೋ ಪರೀಕ್ಷೆ, ಒಳಗನ್ನು ಕಣ್ಣಿನಿಂದ ನೋಡುವ ತಪಾಸಣೆ ವರ್ಷಕ್ಕೊಮ್ಮೆ ಎಂಬುದು ರೂಢಿ. ಇಲ್ಲಿ ಪರೀಕ್ಷೆ ನಡೆಯಬೇಕಾದ್ದು ಪೆಸೊ ಮಾನ್ಯತೆ ಪಡೆದ ಕೇಂದ್ರದಲ್ಲಿ; ಅಂಥದ್ದರ ಪತ್ರವಿಲ್ಲದ ಸಿಲಿಂಡರನ್ನು ಉಚಿತವಾಗಿ ಕೊಟ್ಟರೂ ಬೇಡವೆನ್ನಬಹುದು.

ವರ್ಷ 1990ಕ್ಕಿಂತ ಹಿಂದಿನದಾಗಿರುವ ಅಲ್ಯೂಮಿನಿಯಂ ಸಿಲಿಂಡರನ್ನು ಬೆಲೆ ಕೇಳದೆಯೇ ಬಿಟ್ಟುಬಿಡಿ. ಆ ಕಾಲದ ಹಲವು ಸಿಲಿಂಡರುಗಳಲ್ಲಿ 6351 ಎಂಬ ಮಿಶ್ರಲೋಹ ಬಳಕೆಯಾಗುತ್ತಿತ್ತು. ನಿರಂತರ ಒತ್ತಡದಲ್ಲಿ ಅದರ ಕುತ್ತಿಗೆಯಲ್ಲಿ ಸೂಕ್ಷ್ಮ ಬಿರುಕುಗಳು ಬೆಳೆದು, ತುಂಬಿಸುವಾಗಲೇ ಸಿಡಿದ ಉದಾಹರಣೆಗಳಿವೆ. ಈಗ ಬಳಸುವುದು 6061 ಮಿಶ್ರಲೋಹ, ಅದಕ್ಕೆ ಈ ದೋಷವಿಲ್ಲ.

ಮಾರುವವರ ಎದುರಿನಲ್ಲಿಯೇ ಗಾಳಿ ಬಿಡಿಸಿ, ವಾಲ್ವ್ ತೆಗೆಸಿ, ಒಳಗೆ ಬೆಳಕು ಹಾಯಿಸಿ ನೋಡಲು ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲಲಿ. ಬುಡದಲ್ಲಿ ಬಿಳಿ ಪುಡಿಯೋ ಕೆಂಪು ಪುಡಿಯೋ ಕಂಡರೆ, ತಲೆಕೆಳಗು ಮಾಡಿದಾಗ ಏನಾದರೂ ಉದುರಿದರೆ, ಕುತ್ತಿಗೆಯ ಎಳೆಯಲ್ಲಿ ಬೆರಳಿಗೆ ತರಿ ಸಿಕ್ಕಿದರೆ, ಒಳಗೆ ನೀರು ಹೋಗಿದೆ ಎಂದೇ ತಿಳಿಯಬೇಕು.

ಕೊಂಡ ಮೇಲೆ ಅದು ಅತಿ ಹೆಚ್ಚು ಕಾಲ ಸುಮ್ಮನೆ ನಿಲ್ಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಡೈವಿನ ದೋಣಿಗಳು ಸಮುದ್ರಕ್ಕೆ ಇಳಿಯದ ತಿಂಗಳುಗಳಲ್ಲಿ. ಆ ಅವಧಿಗೆ 10ರಿಂದ 20 ಬಾರ್ ಮಾತ್ರ ಉಳಿಸಿ, ಒರಸಿ ಒಣಗಿಸಿ, ನೆಲದ ತೇವ ತಾಗದ ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿಡಬೇಕು. ಒಳಗೆ ತೇವವಿದ್ದರೂ ಅದು ದಪ್ಪನೆಯ ಬುಡಕ್ಕೆ ಇಳಿಯುತ್ತದೆ, ಅಡ್ಡ ಮಲಗಿಸಿದರೆ ತೆಳುವಾದ ಪಕ್ಕದ ಗೋಡೆಯನ್ನು ತಿನ್ನುತ್ತದೆ. ಅಕ್ಟೋಬರಿನ ಮೊದಲ ಡೈವಿಗೆ ಮುನ್ನ ಉಳಿದ ಹಳೆಯ ಗಾಳಿಯನ್ನು ಪೂರ್ತಿ ಬಿಟ್ಟು, ವಾಲ್ವ್ ತೆಗೆಸಿ ಒಳಗನ್ನು ನೋಡಿಸಿ, ಹೊಸ ಗಾಳಿ ತುಂಬಿಸಿಕೊಳ್ಳಬೇಕು.